ಎರಡು ಹನಿ ಲಸಿಕೆಯೂ ಒಂದು ಅಮಾನತ್ತು

ಜನರ ಆರೋಗ್ಯವು ವೈದ್ಯರ ಮತ್ತು ಸರಕಾರದ ವಿಷಯ, ಅದಕ್ಕೂ ಧರ್ಮಕ್ಕೂ ಏನು ಸಂಬಂಧ ಎಂದು ಭಾವಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ವುಝೂವಿನ ನೀರಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಊರಿನ ಕುಡಿಯುವ ನೀರಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆದರೆ ಜನರು ನೀರು ತೆಗೆಯುವ ಜಾಗದಲ್ಲಿ, ನಡೆದಾಡುವ ದಾರಿಯಲ್ಲಿ, ದಣಿವಾರಿಸುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಗುರಿಯಾಗುವ ಕೃತ್ಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಪೋಲಿಯೋ ರೋಗಾಣು ಮುಖ್ಯವಾಗಿ ಹರಡುವುದು ಮಲದಿಂದ ಕೆಟ್ಟ ನೀರು, ಆಹಾರ ಮತ್ತು ಕೈಗಳ ಮೂಲಕವೇ ಎಂಬುದನ್ನು ತಿಳಿದವರಿಗೆ ಈ ಎಚ್ಚರಿಕೆಯ ತೂಕ ಅರ್ಥವಾಗುವುದು.

ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ್ದಾಗ ಖಲೀಫಾ ಉಮರ್(ರ) ಆ ನಾಡಿನ ಗಡಿಯ ಸರ್ಗ್ ಎಂಬಲ್ಲಿಗೆ ತಲಪಿದ್ದರು. ಮುಂದೆ ಹೋಗಬೇಕೇ, ಹಿಂದಿರುಗಬೇಕೇ? ಅವರು ತಾವಾಗಿಯೇ ಅಪ್ಪಣೆ ಹೊರಡಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತವಾಗಲಿಲ್ಲ. ಅನ್ಸಾರರನ್ನು ಕೇಳಿದರು, ಅವರಲ್ಲೂ ಆಗಲಿಲ್ಲ. ಆಮೇಲೆ ಕುರೈಶರ ಹಿರಿಯರನ್ನು ಕೇಳಿ, ಹಿಂದಿರುಗಲು ತೀರ್ಮಾನಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಉಮರ್(ರ) ಉತ್ತರಿಸಿದರು. ರೋಗವಿರುವ ನಾಡನ್ನು ಹೊರಗಿನವರು ಪ್ರವೇಶಿಸಬಾರದು, ಒಳಗಿರುವವರು ಬಿಟ್ಟು ಓಡಬಾರದು ಎಂಬ ಪ್ರವಾದಿವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಲ್ಲಿಗೆ ಬಂದು ತಿಳಿಸಿದ್ದು ಆ ಬಳಿಕ. ನಾವು ಸಾಮಾನ್ಯವಾಗಿ ವಿಧಿಯ ಮಾತನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ. ಅದಕ್ಕೆ ಮೊದಲು ನಡೆದ ಆ ಮೂರು ಸಮಾಲೋಚನೆಗಳನ್ನು ಮರೆಯುತ್ತೇವೆ.

ಸಮಾಲೋಚನೆಯಿಲ್ಲದ ಆರೋಗ್ಯ ಯೋಜನೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ನೈಜೀರಿಯಾದ ಉತ್ತರ ಭಾಗದ ಕಾನೋ ಪ್ರಾಂತದ ಕಡೆಗೆ ನೋಡಬೇಕು. ಅಲ್ಲಿನ ಜನರಲ್ಲಿ ಬಹುಪಾಲು ಮುಸ್ಲಿಮರು. 2003ರಲ್ಲಿ ಅಲ್ಲಿ ಪೋಲಿಯೋ ಲಸಿಕೆಯನ್ನು ನಿಲ್ಲಿಸಲಾಯಿತು. ಮಕ್ಕಳನ್ನು ಬಂಜೆಯಾಗಿಸುವ ಪದಾರ್ಥವನ್ನು, ಏಡ್ಸ್ ರೋಗಾಣುವನ್ನು ಅದರಲ್ಲಿ ಬೆರೆಸಲಾಗಿದೆಯೆಂಬ ಮಾತು ಹರಡಿತ್ತು. ಕೆಲವು ಧಾರ್ಮಿಕ ಮುಖಂಡರೂ ಅದನ್ನು ಬೆಂಬಲಿಸಿದ್ದರು. ಇದನ್ನು ಅಜ್ಞಾನವೆಂದು ಹೀಯಾಳಿಸಿದವರು ಹಿಂದಿನ ಕತೆಯನ್ನು ಕೇಳಲಿಲ್ಲ. 1996ರಲ್ಲಿ ಕಾನೋದಲ್ಲಿ ಮೆದುಳಿನ ಪೊರೆಯ ಜ್ವರವು ಸಾಂಕ್ರಾಮಿಕವಾಗಿ ಹಬ್ಬಿದ್ದಾಗ ವಿದೇಶೀ ಔಷಧ ಕಂಪೆನಿಯೊಂದು ಅಲ್ಲಿನ ಮಕ್ಕಳ ಮೇಲೆ ಹೊಸ ಔಷಧಿಯ ಪ್ರಯೋಗ ನಡೆಸಿತ್ತು. ಆ ಪ್ರಯೋಗದಲ್ಲಿದ್ದ ಮಕ್ಕಳಲ್ಲಿ 11 ಮಂದಿ ಮರಣ ಹೊಂದಿದರು. ಇದು ಪ್ರಯೋಗವೆಂದು ತಮಗೆ ತಿಳಿಸಿರಲಿಲ್ಲವೆಂದು ಹೆತ್ತವರು ನ್ಯಾಯಾಲಯಕ್ಕೆ ಹೋದರು. ಕಂಪೆನಿ ತಪ್ಪನ್ನು ಒಪ್ಪಲಿಲ್ಲವಾದರೂ 2009ರಲ್ಲಿ ಪರಿಹಾರದ ಒಪ್ಪಂದ ಮಾಡಿಕೊಂಡಿತು. ಇನ್ನೂ ಒಂದು ಪ್ರಶ್ನೆಯಿತ್ತು. ಮಲೇರಿಯಾದಿಂದ ನರಳುವ ಮಗುವಿಗೆ ಆಸ್ಪತ್ರೆಯಲ್ಲಿ ಮಾತ್ರೆ ಸಿಗುವುದಿಲ್ಲ, ಆದರೆ ಕೇಳದಿದ್ದರೂ ಪೋಲಿಯೋ ಹನಿಯನ್ನು ಮನೆ ಬಾಗಿಲಿಗೆ ಬಿಟ್ಟಿಯಾಗಿ ತರುತ್ತಾರೆ, ಏಕೆ? ಬಡ ತಾಯಿಯೊಬ್ಬಳು ಹೀಗೆ ಕೇಳಿದರೆ ಅದರಲ್ಲಿ ಅಜ್ಞಾನವೇನಿದೆ?

ಆದರೂ ಸಹೋದರರೇ, ಸಂಶಯ ಬರುವುದು ಬೇರೆ, ಸಂಶಯವನ್ನು ಸಾಕಿಕೊಂಡಿರುವುದು ಬೇರೆ. ಸುದ್ದಿಯೊಂದು ಬಂದಾಗ ತಿಳಿಯದೆ ಯಾರಿಗಾದರೂ ಹಾನಿಯೆಸಗದಂತೆ ಅದನ್ನು ಪರಿಶೋಧಿಸಬೇಕೆಂದು ಅಲ್ ಹುಜುರಾತ್ ಅಧ್ಯಾಯವು ವಿಶ್ವಾಸಿಗಳಿಗೆ ಆದೇಶಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬನು ಸುಳ್ಳುಗಾರನೆನ್ನಲು ಸಾಕು ಎಂಬ ಆಶಯದ ಹದೀಸನ್ನು ಯಾರು ತಾನೇ ಕೇಳಿಲ್ಲ? ಕಾನೋದಲ್ಲಿ ಪರಿಶೋಧನೆ ನಡೆಯಿತು. ಕೊನೆಗೆ ಮುಸ್ಲಿಮ್ ಬಾಹುಳ್ಯದ ಇಂಡೋನೇಶ್ಯಾದಲ್ಲಿ ತಯಾರಾದ ಲಸಿಕೆಯನ್ನು ಒಪ್ಪಿ 2004ರ ಜುಲೈಯಲ್ಲಿ ಕಾರ್ಯಕ್ರಮ ಪುನರಾರಂಭವಾಯಿತು. ಆದರೆ ಅಷ್ಟರಲ್ಲಿ ಸುಮಾರು 11 ತಿಂಗಳು ಕಳೆದಿತ್ತು. ರೋಗಾಣು ಯಾರ ತೀರ್ಮಾನಕ್ಕೂ ಕಾಯುವುದಿಲ್ಲ. ಸುಮಾರು 200 ಮಂದಿಗೆ ಸೋಂಕು ತಗಲಿದರೆ ಒಬ್ಬರಲ್ಲಿ ಮಾತ್ರ ಪಾರ್ಶ್ವವಾಯು ಕಾಣಿಸುತ್ತದೆ. ಉಳಿದವರು ತಮಗರಿವಿಲ್ಲದೆಯೇ ಅದನ್ನು ಹೊತ್ತು ತಿರುಗುತ್ತಾರೆ. ಹೀಗೆ ಉತ್ತರ ನೈಜೀರಿಯಾದ ರೋಗಾಣು ಸುಡಾನ್, ಯೆಮನ್ ಸೇರಿದಂತೆ ಸುಮಾರು 20 ದೇಶಗಳನ್ನು ತಲಪಿತು. ಲಸಿಕೆ ಕಳಿಸಿಕೊಟ್ಟ ಇಂಡೋನೇಶ್ಯಾವೇ 2005ರಲ್ಲಿ ಅದಕ್ಕೆ ಗುರಿಯಾಯಿತು. ಅಲ್ಲಿ ಸುಮಾರು 300 ಮಂದಿ, ಹೆಚ್ಚಾಗಿ ಮಕ್ಕಳು, ಅಂಗವಿಕಲರಾದರು. ನೈಜೀರಿಯಾದಲ್ಲಿ 2006ರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಪೋಲಿಯೋಪೀಡಿತರಾದರು. ಒಮ್ಮೆ ಸೋತ ಕಾಲನ್ನು ಮರಳಿ ಕೊಡುವ ಔಷಧ ಇಂದಿಗೂ ಇಲ್ಲ.

ಇಷ್ಟಾದ ಮೇಲೆ ಅಧಿಕಾರಿಗಳು ತಮ್ಮ ರೀತಿಯನ್ನು ಬದಲಿಸಿದರು. ಬರೀ ಹನಿಯ ಬದಲು ಇತರ ಲಸಿಕೆ, ಔಷಧಿಗಳನ್ನೂ ಸೊಳ್ಳೆಪರದೆಗಳನ್ನೂ ಜೊತೆಗೆ ತಂದರು. ಸೊಕೋಟೋದ ಸುಲ್ತಾನರೂ ಉತ್ತರದ ಅಮೀರರೂ ಜವಾಬ್ದಾರಿ ವಹಿಸಿಕೊಂಡರು. ಊರೂರಿನ ಇಮಾಮರು ಮನೆಮನೆಗೆ ಹೋಗಿ ಮಾತನಾಡಿದರು. ಆಗ ಇನ್ನೊಂದು ರೋಗವೂ ಹೊರಬಿತ್ತು. ಮಗುವಿನ ಬಾಯಿಗೆ ಹನಿ ಹಾಕದೆಯೇ ಬೆರಳಿಗೆ ಶಾಯಿ ಹಚ್ಚಿ ಲೆಕ್ಕಕ್ಕೆ ಸೇರಿಸಿದ ಕಾರ್ಯಕರ್ತರಿದ್ದರು. ಎಷ್ಟೋ ಹಳ್ಳಿಗಳೂ ಅಲೆಮಾರಿ ಫುಲಾನಿಗಳ ಬೀಡುಗಳೂ ನಕ್ಷೆಯಲ್ಲೇ ಇರಲಿಲ್ಲ. 2012ರ ನಂತರ ಉಪಗ್ರಹ ಚಿತ್ರಗಳ ನೆರವಿನಿಂದ ಅವುಗಳನ್ನು ಗುರುತಿಸಲಾಯಿತು. ಲಸಿಕೆಯ ತಂಡಗಳು ನಿಜವಾಗಿಯೂ ಅಲ್ಲಿಗೆ ಹೋದವೇ ಎಂದು ಯಂತ್ರದ ಮೂಲಕ ಪತ್ತೆ ಹಚ್ಚಲಾಯಿತು. ಲೆಕ್ಕದಲ್ಲಿ ಸುಳ್ಳು ಬರೆದವನಿಗೂ ಮಿಂಬರಿನಿಂದ ಗಾಳಿಮಾತು ಹರಡಿದವನಿಗೂ ನಾಳೆ ಅಲ್ಲಾಹನ ಮುಂದೆ ಪ್ರಶ್ನೆ ಒಂದೇ. ಅಮಾನತ್ತು ಹಣದ ಗಂಟು ಮಾತ್ರವೆಂದು ಯಾರು ಹೇಳಿದರು?

ಈ ದಾರಿಯಲ್ಲಿ ರಕ್ತವೂ ಹರಿಯಿತು. 2013ರ ಫೆಬ್ರವರಿಯಲ್ಲಿ ಕಾನೋದಲ್ಲಿ ಲಸಿಕೆ ಹಾಕುತ್ತಿದ್ದ ಮಹಿಳೆಯರನ್ನು ಗುಂಡಿಕ್ಕಿ ಕೊಲ್ಲಲಾಯಿತು. ದೊಡ್ಡ ರಾಷ್ಟ್ರಗಳ ಕೈಯೂ ಶುಚಿಯಾಗಿಲ್ಲ. ಪಾಕಿಸ್ತಾನದ ಅಬೋಟಾಬಾದಿನಲ್ಲಿ ಅಮೆರಿಕದ ಬೇಹುಗಾರರು ಲಸಿಕೆಯ ಹೆಸರಿನಲ್ಲಿ ನಡೆಸಿದ ನಾಟಕವು 2011ರಲ್ಲಿ ಬಯಲಾಯಿತು. ಇನ್ನು ಹಾಗೆ ಮಾಡುವುದಿಲ್ಲವೆಂದು ಶ್ವೇತಭವನವು 2014ರಲ್ಲಿ ಮಾತು ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿಯಾಗಿತ್ತು.

ನಮ್ಮ ದೇಶದ ಪಶ್ಚಿಮ ಉತ್ತರ ಪ್ರದೇಶದಲ್ಲೂ ಬಂಜೆತನದ ಇದೇ ಗಾಳಿಮಾತು ಹಬ್ಬಿತ್ತು. ಅಲ್ಲಿ ಉಲಮಾಗಳೂ ಅಲೀಗಢದ ಪ್ರಾಧ್ಯಾಪಕರೂ ಬೀದಿಗಿಳಿದರು, ಮಸೀದಿಗಳ ಧ್ವನಿವರ್ಧಕಗಳಿಂದ ಲಸಿಕೆಯ ದಿನವನ್ನು ಸಾರಲಾಯಿತು. ಭಾರತದಲ್ಲಿ ವನ್ಯ ಪೋಲಿಯೋ ರೋಗಾಣುವಿನ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ.

ಆಫ್ರಿಕಾವು ವನ್ಯ ಪೋಲಿಯೋ ರೋಗಾಣುವಿನಿಂದ ಮುಕ್ತವೆಂದು 2020ರ ಆಗಸ್ಟ್ 25ರಂದು ಘೋಷಿಸಲಾಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಪೂರ್ಣ ಸತ್ಯವನ್ನು ಹೇಳಬೇಕು. ಲಸಿಕೆ ಪಡೆಯದ ಮಕ್ಕಳು ಹೆಚ್ಚಿರುವಲ್ಲಿ ಬಾಯಿಯ ಹನಿಯಲ್ಲಿರುವ ದುರ್ಬಲ ರೋಗಾಣುವೇ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಕಾಲಾಂತರದಲ್ಲಿ ಬಲಗೊಳ್ಳಬಹುದು. ಉತ್ತರ ನೈಜೀರಿಯಾದಲ್ಲಿ ಹಾಗೆ ಆಗಿಯೂ ಇದೆ. ಇದನ್ನು ಜನರಿಂದ ಮುಚ್ಚಿಟ್ಟರೆ 2003ರ ಸಂಶಯ ಮತ್ತೆ ತಲೆಯೆತ್ತದಿರದು. ಈ ರೋಗಾಣುವೂ ಉಳಿಯುವುದು ಲಸಿಕೆ ತಲಪದ ಕಡೆಗಳಲ್ಲೇ. ಎಲ್ಲ ಮಕ್ಕಳಿಗೂ ಲಸಿಕೆ ಸಿಕ್ಕಲ್ಲಿ ಅದಕ್ಕೆ ದಾರಿಯಿಲ್ಲ. ಕಾನೋದಲ್ಲಿ ಪೋಲಿಯೋದಿಂದ ಕಾಲು ಕಳೆದುಕೊಂಡವರು ಕೈಯಿಂದ ತುಳಿಯುವ ಮೂರು ಚಕ್ರದ ಗಾಡಿಗಳಲ್ಲಿ ಓಣಿಗಳಿಗೆ ಹೋಗಿ, ಲಸಿಕೆ ಬೇಡವೆಂದ ಮನೆಗಳ ಮುಂದೆ ನಿಂತು, ತಮ್ಮ ಕಾಲುಗಳನ್ನು ತೋರಿಸಿ ಮಾತನಾಡಿದರು.