ಹೆಸರು ಬರೆದ ಮೇಲೆ ಬಾಗಿಲಿಗೆ ಹೋಗೋಣ



ಒಳ್ಳೇ ಕುರುಬನಿಗೆ ತನ್ನ ಕುರಿಗಳ ಹೆಸರುಗಳು ಗೊತ್ತುಂಟೆಂದು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಿಂದ ಕಲಿಯುತ್ತೇವೆ. ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಕಡೇ ಅಧ್ಯಾಯದಲ್ಲಿ 20ಕ್ಕಿಂತ ಹೆಚ್ಚು ಮಂದಿಯನ್ನು ಹೆಸರೆತ್ತಿ ವಂದಿಸುತ್ತಾನೆ. ಹೆಸರುಗಳನ್ನು ನೆನಪಿನಲ್ಲಿಡುವದು ಸಭೆಗೆ ಸೇರಿದ ಪ್ರೀತಿಯ ಕೆಲಸವಾಗಿದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಸಭೆಯ ಪುಸ್ತಕಗಳಲ್ಲಿ ಬರೆದಿಟ್ಟರು. ಈಗ ಅನೇಕ ಸಭೆಗಳು ಕಂಪ್ಯೂಟರಿನಲ್ಲಿ ಡೇಟಾಬೇಸ್ ಎಂಬ ದಾಖಲೆಯನ್ನಿಟ್ಟು, ಆರಾಧನೆಗೆ ಹೊಸದಾಗಿ ಬಂದವರ ಹೆಸರು, ಊರು, ಫೋನ್ ಸಂಖ್ಯೆ, ಬಂದ ದಿನ ಇವುಗಳನ್ನು ಅದರಲ್ಲಿ ಸೇರಿಸುತ್ತವೆ. ಯಾರು ಮೊದಲನೇ ಸಾರಿ ಬಂದರು, ಯಾರನ್ನು ಇನ್ನೂ ಒಬ್ಬರೂ ಕಾಣಲಿಲ್ಲ, ಯಾರು ಮೂರು ವಾರಗಳಿಂದ ಬರಲಿಲ್ಲ ಎಂಬದನ್ನು ಅದು ಕ್ಷಣಮಾತ್ರದಲ್ಲಿ ವಿಂಗಡಿಸಿ ತೋರಿಸುತ್ತದೆ.

ಆದರೆ ಯಂತ್ರವು ಯಾರ ಬಾಗಿಲನ್ನೂ ತಟ್ಟಲಾರದು. ರೋಗಿಯಾದ ಮಗುವಿಗೋಸ್ಕರ ಪ್ರಾರ್ಥನೆ ಬೇಡಿದ ತಾಯಿಯ ಹೆಸರನ್ನು ಅಂದವಾಗಿ ಬರೆದಿಟ್ಟು, ನಮ್ಮಲ್ಲಿ ಯಾರೂ ಆ ಮನೆಗೆ ಹೋಗದಿದ್ದರೆ, ಆ ಬರಹವೇ ನಮಗೆ ವಿರೋಧವಾಗಿ ಸಾಕ್ಷಿ ಹೇಳುವದು. ಆದಕಾರಣ ಪ್ರತಿಯೊಂದು ಹೆಸರಿನ ಮುಂದೆ, ಹೋಗಬೇಕಾದವರ ಹೆಸರನ್ನೂ ದಿನವನ್ನೂ ಬರೆಯೋಣ. ಹೋಗಿಬಂದ ಮೇಲೆ ಗುರುತು ಹಾಕೋಣ. ಒಂದು ವಾರ ದಾಟದಿರಲಿ.

ಮತ್ತು ಒಪ್ಪಿಗೆ ಕೇಳದೆ ಯಾರ ಸಂಗತಿಯನ್ನೂ ಬರೆಯದಿರೋಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಸಮ್ಮತಿಯನ್ನು ಮುಖ್ಯವೆಂದೆಣಿಸುತ್ತದೆ. ನಂಬಿ ಹೇಳಿದ ದುಃಖವು ಬಾವಿಕಟ್ಟೆಯ ಮಾತಾಗಬಾರದು. ಸಭಾಪಾಲಕರೂ ನೇಮಕವಾದ ಒಬ್ಬಿಬ್ಬರೂ ಮಾತ್ರ ಅದನ್ನು ನೋಡಲಿ.

ನೂರರಲ್ಲಿ ಒಂದು ಕುರಿ ಕಡಿಮೆಯೆಂದು ತಿಳಿದ ಕುರುಬನು ಎಣಿಕೆಯಲ್ಲಿಯೇ ನಿಲ್ಲದೆ ಹುಡುಕಲು ಹೊರಟನು. ಹಾಗೆಯೇ ಹೊರಡುವ ಕೃಪೆಯನ್ನು ಕರ್ತನು ನಮಗೆ ದಯಪಾಲಿಸಲಿ. ಆಮೆನ್.