ಕುಂಡದ ಸೊಪ್ಪು ಯಾರದು?

ಪರರ ಹೊಲದ ಬೆಳೆಗೆ ಕೈಹಾಕುವುದು ತಪ್ಪೆಂದು ಎಲ್ಲರೂ ಬಲ್ಲರು. ಆದರೆ ನಾವೇ ನೆಟ್ಟು, ನಾವೇ ನೀರೆರೆದು ಬೆಳೆಸಿದ ಗಿಡದಿಂದ ಎಲೆ ಕೊಯ್ಯುವಾಗಲೂ ಧರ್ಮಾಧರ್ಮದ ಪ್ರಶ್ನೆ ಏಳುತ್ತದೆಯೆ? ಏಳುತ್ತದೆಂದೇ ನಮ್ಮ ಹಿರಿಯರು ತಿಳಿದಿದ್ದರು. ಸಂಜೆಯಾದ ಮೇಲೆ ತುಳಸಿಯನ್ನು ಮುಟ್ಟಬಾರದು, ದ್ವಾದಶಿಯಂದು ಕೊಯ್ಯಬಾರದು, ಕೊಯ್ಯುವ ಮುನ್ನ ಕೈಮುಗಿಯಬೇಕು ಎಂಬ ಮಾತುಗಳನ್ನು ಬರಿಯ ಮಡಿವಂತಿಕೆಯೆಂದು ಓದಿದವರಾದ ನಾವು ತಳ್ಳಿಹಾಕುವುದುಂಟು. ಆದರೆ ಅವುಗಳ ಹಿಂದೆ ಒಂದು ಸರಳವಾದ ವಿವೇಕವಿದೆ. ನಮ್ಮದು ಎಂದ ಮಾತ್ರಕ್ಕೆ ಬೇಕೆಂದಾಗ, ಬೇಕಾದಷ್ಟು ತೆಗೆದುಕೊಳ್ಳುವ ಅಧಿಕಾರ ಬರುವುದಿಲ್ಲ.

ಮುಂಬಯಿಗೆ ಬಂದ ನಾವು ಊರಿನ ಅಂಗಳವನ್ನು ಬಿಟ್ಟುಬಂದೆವು. ಅಂಗಳದ ಗಿಡಗಳನ್ನು ಮಾತ್ರ ಬಿಡಲಿಲ್ಲ. ಮುಲುಂಡಿನ ಚಾಳಿರಲಿ, ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸ್ ಇರಲಿ, ಕಿಟಕಿಯ ಗ್ರಿಲ್ಲಿನಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆಹುಲ್ಲುಗಳ ನಾಲ್ಕು ಕುಂಡಗಳು ಇದ್ದೇ ಇರುತ್ತವೆ. ನಮ್ಮ ಒಂದೆಲಗ ತುಳುವರಿಗೆ ತಿಮರೆ. ನಮ್ಮ ದೊಡ್ಡಪತ್ರೆ ನೆರೆಮನೆಯ ಮರಾಠಿ ತಾಯಿಗೆ ಪಾನ್ ಓವಾ, ಮಜ್ಜಿಗೆಹುಲ್ಲು ಗವತಿ ಚಹಾ. ಹೆಸರು ಬೇರೆಯಾದರೂ ಮಕ್ಕಳ ಕೆಮ್ಮು ಎಲ್ಲ ಮನೆಗಳಲ್ಲೂ ಒಂದೇ.

ಕೊಯ್ಯುವುದೆಲ್ಲ ಹಿಂಸೆಯೆ? ಅಲ್ಲವೆನ್ನುತ್ತದೆ ಸಸ್ಯಶಾಸ್ತ್ರ. ತುಳಸಿಯ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ದ್ರವ್ಯ ಹುಟ್ಟಿ ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುತ್ತದೆ. ಕುಡಿ ಚಿವುಟಿದರೆ ಆ ಮೊಗ್ಗುಗಳು ಎಚ್ಚೆತ್ತು ಕವಲೊಡೆಯುತ್ತವೆ, ಗಿಡ ಪೊದೆಯಾಗುತ್ತದೆ. ತೆನೆಗಳನ್ನೆಲ್ಲ ಹಾಗೆಯೇ ಬಲಿಯಲು ಬಿಟ್ಟರೆ ಹೊಸ ಎಲೆ ಕಡಿಮೆಯಾಗುತ್ತದೆ. ಆದುದರಿಂದ ಹಿತಮಿತವಾಗಿ ತೆಗೆದುಕೊಳ್ಳುವುದು ಗಿಡಕ್ಕೂ ಉಪಕಾರವೇ. ಆದರೆ ಎಲೆಯೆಂಬುದು ಗಿಡದ ಅಡುಗೆಮನೆ. ಅದನ್ನೆಲ್ಲ ಬೋಳಿಸಿದರೆ ಒಲೆಯನ್ನೇ ಕಿತ್ತಂತೆ. ಒಮ್ಮೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬಾರದೆಂಬುದು ಕೈತೋಟ ಮಾಡಿದವರೆಲ್ಲ ಒಪ್ಪುವ ಅಳತೆ.

ಇನ್ನು ಕೂಡಿಡುವ ವಿಚಾರ. ಸುವಾಸನೆಯ ಎಣ್ಣೆ ಎಲೆಯಲ್ಲಿರುತ್ತದೆ, ಬಿಸಿಲಿಗೆ ಹಾರಿಹೋಗುತ್ತದೆ. ಅದಕ್ಕೇ ತುಳಸಿ, ಪುದೀನ, ಮಜ್ಜಿಗೆಹುಲ್ಲುಗಳನ್ನು ಇಬ್ಬನಿ ಆರಿದ ಮೇಲೆ ಬೆಳಗ್ಗೆ ಕೊಯ್ದು ನೆರಳಿನಲ್ಲಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮಳೆಗೆ ಮುಂಚೆ, ಇಲ್ಲವೆ ದೀಪಾವಳಿಯ ನಂತರ ಈ ಕೆಲಸವಾಗಬೇಕು. ದೊಡ್ಡಪತ್ರೆಯ ರಸಭರಿತ ದಪ್ಪ ಎಲೆಯಂತೂ ಸುಲಭಕ್ಕೆ ಒಣಗುವುದೇ ಇಲ್ಲ. ಅದರ ತಂಬುಳಿ ಆ ದಿನದ್ದು ಆ ದಿನಕ್ಕೇ ಸರಿ.

ಎಷ್ಟು ಜೋಪಾನ ಮಾಡಿದರೂ ಒಣಗಿದ ಎಲೆಯ ಪರಿಮಳ ವರ್ಷ ಕಳೆಯುವುದರೊಳಗೆ ಕುಂದುತ್ತದೆ. ಆ ಮೇಲೆ ಡಬ್ಬಿಯಲ್ಲಿ ಉಳಿಯುವುದು ಬರಿಯ ಕಸ. ಸರಕಾರಿ ಲೆಕ್ಕದಲ್ಲಿ ಖರ್ಚಾಗದ ಅನುದಾನ ಮಾರ್ಚ್ 31ಕ್ಕೆ ರದ್ದಾಗುವಂತೆ ಪ್ರಕೃತಿಯೂ ತನ್ನ ಅನುದಾನಕ್ಕೊಂದು ಗಡುವು ಹಾಕಿದೆ. ಮುಂದಿನ ಚಿಗುರಿನವರೆಗೆ ಕೂಡಿಡುವುದು ಮುಂದಾಲೋಚನೆ. ಅದಕ್ಕೂ ಮೀರಿದ್ದು ಲೋಭ. ಹಣಕ್ಕೆ ಈ ಗುಣವಿಲ್ಲ. ಎಷ್ಟು ವರ್ಷ ಪೆಟ್ಟಿಗೆಯಲ್ಲಿಟ್ಟರೂ ಅದರ ವಾಸನೆ ಹೋಗದು. ಆದಕಾರಣವೇ ಸಾಕೆನ್ನುವುದನ್ನು ನಾವು ಹಣದಿಂದ ಕಲಿಯಲಾರೆವು, ಸೊಪ್ಪಿನಿಂದ ಕಲಿಯಬಹುದು.

ಹಾಗಾದರೆ ಕುಂಡದ ಸೊಪ್ಪು ಯಾರದು? ಗಿಡ ನಮ್ಮದು, ಮಣ್ಣು ನಾವು ಕೊಂಡದ್ದು ಎನ್ನೋಣ. ನೀರು? ಮುಂಬಯಿಯ ನಲ್ಲಿಗೆ ಬರುವ ನೀರು 1879ರ ತುಳಸಿ ಕೆರೆಯದು, 1892ರ ತಾನ್ಸಾ ಜಲಾಶಯದ್ದು, ವೈತರಣಾ, ಭಾತ್ಸಾ ನದಿಗಳದು. ತಾನ್ಸಾ, ಭಾತ್ಸಾ ಜಲಾಶಯಗಳಿರುವ ಶಹಾಪುರ ತಾಲೂಕಿನ ಹಳ್ಳಿಗಳ ಹೆಂಗಸರು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟು ವರ್ಷ ಓದಿಲ್ಲ! ಅವರ ಕೊಡಕ್ಕೆ ಬೀಳದ ನೀರು ನಮ್ಮ ಕುಂಡಕ್ಕೆ ಬೀಳುತ್ತಿದೆ. ಇದನ್ನು ನೆನೆದ ಮೇಲೂ, ಮಗುವಿಗೆ ಕೆಮ್ಮೆಂದು ನಾಲ್ಕು ಎಲೆ ಕೇಳಿ ಬಂದ ನೆರೆಯವರಿಗೆ 'ನಮಗೇ ಸಾಲದು' ಎನ್ನುವ ಬಾಯಿ ನಮಗಿದೆಯೆ?

ಕೊಡತೊಡಗಿದರೆ ದಿನವೂ ಕೇಳುತ್ತಾರೆ, ಗಿಡ ಬೋಳಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ನಸುಕಿನಲ್ಲೇ ಪರರ ಕಾಂಪೌಂಡಿನ ಹೂವು, ತುಳಸಿಗಳನ್ನು ಹೇಳದೆ ಕೇಳದೆ ಕೊಯ್ದು ದೇವರಿಗೇರಿಸುವ ಭಕ್ತರು ನಮ್ಮ ನಡುವೆಯೂ ಇದ್ದಾರೆ. ಮೂರರಲ್ಲೊಂದು ಪಾಲಿನ ಕಟ್ಟಳೆ ಬೆಳೆಸಿದವನಿಗೆ ಮಾತ್ರವಲ್ಲ, ಬೇಡುವವನಿಗೂ ಸಲ್ಲುತ್ತದೆ. ಆದರೆ ಈ ತೊಡಕಿಗೆ ದೊಡ್ಡಪತ್ರೆಯೇ ದಾರಿ ತೋರಿದೆ. ಅದರ ಒಂದು ಗೇಣು ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಎಲೆ ಕೊಟ್ಟರೆ ಒಂದು ದಿನದ ಉಪಕಾರ. ಕಡ್ಡಿ ಕೊಟ್ಟರೆ ಕೇಳುವವನೇ ನಾಳೆ ಕೊಡುವವನಾಗುತ್ತಾನೆ. ದಾನವೂ ಉಳಿಯಿತು, ಗಿಡವೂ ಉಳಿಯಿತು.

ನಮ್ಮಲ್ಲಿ ಅನೇಕರು ಬಾಡಿಗೆಯ ಮನೆಗಳಲ್ಲಿ, ಸರಕಾರದ ವಸತಿಗಳಲ್ಲಿ ಇರುವವರು. ವರ್ಗವೋ ನಿವೃತ್ತಿಯೋ ಬಂದಾಗ ಬೀಗದ ಕೈ ಒಪ್ಪಿಸಿ ಹೊರಡಲೇಬೇಕು. ಕಪಾಟು, ಪಾತ್ರೆಪಗಡಿಗಳು ಲಾರಿ ಹತ್ತುತ್ತವೆ, ಗಿಡಗಳೆಲ್ಲ ಹತ್ತುವುದಿಲ್ಲ. ನಾಲ್ಕು ಮನೆಗಳಿಗೆ ಕಡ್ಡಿ ಕೊಟ್ಟವರ ಗಿಡ ಮಾತ್ರ ಅವರು ಹೋದ ಮೇಲೂ ಅಲ್ಲಿ ಚಿಗುರುತ್ತಿರುತ್ತದೆ. ಈ ಮಳೆಗಾಲ ಮುಗಿಯುವ ಮುನ್ನ ನಮ್ಮ ನಮ್ಮ ಕುಂಡಗಳಿಂದ ಒಂದೊಂದು ಕಡ್ಡಿಯಾದರೂ ನೆರೆಮನೆಯ ಬಾಗಿಲು ದಾಟಲಿ.