ಕಲಿಸಲು ಹೋಗುವವನೂ ಕಾಯುವವರೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಒಳ್ಳೆಯ ಕೆಲಸಕ್ಕಾಗಿ ಕಾಯುವ ಯುವಕರಿಗೆ ಕೊರತೆಯಿಲ್ಲ. ಅಂಥವನೊಬ್ಬನಿಗೆ ಯುದ್ಧಪೀಡಿತ ದೇಶದಿಂದ ಇಂಗ್ಲಿಷ್ ಕಲಿಸಲು ಕರೆ ಬಂದರೆ ಅವನು ಹೋಗಬಹುದೇ? ಅದು ತ್ಯಾಗವೇ, ದುಸ್ಸಾಹಸವೇ?

ಅಲ್ಲಿನ ಮಕ್ಕಳಿಗೆ ವಿದ್ಯೆ ಬೇಡವೇ ಎಂಬ ವಾದ ಹಗುರವಾದುದಲ್ಲ. ಬದ್ರ್ ಯುದ್ಧದಲ್ಲಿ (ಕ್ರಿ.ಶ. 624) ಸೆರೆಸಿಕ್ಕವರ ಪೈಕಿ ಓದುಬರಹ ಬಲ್ಲವರು ಮದೀನದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದನ್ನೇ ಬಿಡುಗಡೆಯ ಹಣವೆಂದು ಪರಿಗಣಿಸಲಾಯಿತೆಂದು ಪ್ರವಾದಿವರ್ಯರ(ಸ) ಚರಿತ್ರೆ ಹೇಳುತ್ತದೆ. ಯುದ್ಧದ ಹೊಗೆ ಆರುವ ಮುನ್ನವೇ ವಿದ್ಯೆಗೆ ಕಟ್ಟಿದ ಬೆಲೆ ಅದು.

ಆದರೆ ಅದೇ ಚರಿತ್ರೆಯಲ್ಲಿ ಬಿಅ್‌ರ್ ಮಊನಾದ ದುರಂತವೂ ಇದೆ. ಹಿಜ್ರಿ 4ರಲ್ಲಿ ನಜ್ದ್‌ನ ಜನರಿಗೆ ಧರ್ಮ ಕಲಿಸುವವರು ಬೇಕೆಂಬ ಕೋರಿಕೆ ಬಂದಾಗ ಪ್ರವಾದಿವರ್ಯರು(ಸ) ಮೊದಲು ತಮ್ಮ ಆತಂಕವನ್ನು ತಿಳಿಸಿದರು. ಗೋತ್ರದ ಮುಖಂಡನೊಬ್ಬನು ರಕ್ಷಣೆಯ ಹೊಣೆ ಹೊತ್ತ ಬಳಿಕವೇ ಸಹಾಬಿಗಳನ್ನು ಕಳುಹಿಸಿದರು. ಆದರೂ ಸುಮಾರು 70 ಮಂದಿ ದ್ರೋಹಕ್ಕೆ ಬಲಿಯಾದರು. ಉದ್ದೇಶ ಒಳ್ಳೆಯದಾಗಿದ್ದ ಮಾತ್ರಕ್ಕೆ ಅಪಾಯ ದೂರವಾಗುವುದಿಲ್ಲ. ಅಪಾಯವನ್ನು ಮೊದಲೇ ವಿಚಾರಿಸುವುದು ತವಕ್ಕುಲ್‌ಗೆ ವಿರುದ್ಧವೂ ಅಲ್ಲ.

ನಮ್ಮ ಕಾಲದ ಉದಾಹರಣೆ ನೋಡಿ. 2015ರ ಜುಲೈಯಲ್ಲಿ ಲಿಬಿಯಾದ ಸಿರ್ತ್ ವಿಶ್ವವಿದ್ಯಾನಿಲಯದಲ್ಲಿ ದುಡಿಯುತ್ತಿದ್ದ ನಾಲ್ವರು ಭಾರತೀಯರು ಊರಿಗೆ ಹೊರಟಾಗ ಅವರ ಅಪಹರಣವಾಯಿತು. ಕರ್ನಾಟಕದ ಇಬ್ಬರು ಕೆಲವೇ ದಿನಗಳಲ್ಲಿ ಬಿಡುಗಡೆಯಾದರು. ಆಂಧ್ರ ಮತ್ತು ತೆಲಂಗಾಣದ ಇನ್ನಿಬ್ಬರ ಬಿಡುಗಡೆಗೆ 2016ರ ಸೆಪ್ಟೆಂಬರ್ ಬರಬೇಕಾಯಿತು. ಆ ಒಂದು ವರ್ಷಕ್ಕೂ ಮೀರಿದ ಅವಧಿಯಲ್ಲಿ ಸೆರೆಯಲ್ಲಿದ್ದವರು ಇಬ್ಬರೇ ಆದರೂ ಸಂಕಟಪಟ್ಟವರು ಎರಡು ಮನೆಗಳ ಜನರೆಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ. ತನ್ನ ಪ್ರಾಣದ ಅಪಾಯವನ್ನು ತಾನೇ ಹೊರುತ್ತೇನೆ ಎಂದು ಹೇಳುವ ಹಕ್ಕು ಸಂಸಾರಸ್ಥನಿಗೆ ಪೂರ್ತಿಯಾಗಿ ಇಲ್ಲ. ಅದರ ಭಾರ ತಾಯಿ, ಹೆಂಡತಿ, ಮಕ್ಕಳ ಮೇಲೂ ಬೀಳುತ್ತದೆ. ಅಳುತ್ತಿದ್ದ ಹೆತ್ತವರನ್ನು ಬಿಟ್ಟು ಹಿಜ್ರತ್‌ಗೆಂದು ಬಂದವನನ್ನು ಪ್ರವಾದಿವರ್ಯರು(ಸ), ಅವರನ್ನು ಅಳಿಸಿದಂತೆಯೇ ಹೋಗಿ ನಗಿಸಬೇಕೆಂದು ಹಿಂದಕ್ಕೆ ಕಳುಹಿಸಿದ್ದರು.

ಆದ್ದರಿಂದ ಮನೆಯವರ ಒಪ್ಪಿಗೆ ಬೇಕು. ಅದು ಸತ್ಯ ತಿಳಿದು ಕೊಟ್ಟ ಒಪ್ಪಿಗೆಯಾಗಿರಬೇಕು. ತಾಯಿ ಹೆದರಿಯಾಳೆಂದು ಬೇರೊಂದು ಊರಿನ ಹೆಸರು ಹೇಳಿ ಹೊರಡುವುದು ಕರುಣೆಯಂತೆ ಕಾಣಬಹುದು. ಆದರೆ ಆ ಸುಳ್ಳು ಅವಳಿಂದ ಬೇಡವೆನ್ನುವ ಹಕ್ಕನ್ನೇ ಕಸಿಯುತ್ತದೆ. ಕರಾರುಪತ್ರವನ್ನು ಮನೆಯಲ್ಲಿ ಓದಿ ಹೇಳಬೇಕು. ಯಾವ ನಗರ, ಯಾರ ಹೊಣೆ, ರಸ್ತೆ ಮುಚ್ಚಿದರೆ ದಾರಿ ಯಾವುದು, ಸಂಬಳ ನಿಂತರೆ ಮನೆ ನಡೆಸುವವರು ಯಾರು ಎಂಬುದೆಲ್ಲ ಎಲ್ಲರಿಗೂ ತಿಳಿದಿರಬೇಕು. ಭಾರತ ಸರಕಾರದ ಎಚ್ಚರಿಕೆಗಳನ್ನೂ ಅವರ ಮುಂದಿಡಬೇಕು. 2017ರಲ್ಲಿ ಯಮನ್‌ಗೆ ಹೋಗುವುದನ್ನೇ ಸರಕಾರ ನಿಷೇಧಿಸಿತ್ತೆಂಬುದನ್ನು ಮರೆಯಬಾರದು.

ಇದನ್ನೆಲ್ಲ ಕೇಳಿಯೂ ಮನೆಯವರು ಮನಸಾರೆ ಒಪ್ಪಿದರೆ ಅವನ ತ್ಯಾಗದಲ್ಲಿ ಅವರಿಗೂ ಪಾಲಿದೆ. ಒಪ್ಪದಿದ್ದರೆ ಊರಿನಲ್ಲೇ ಉಳಿಯುವುದು ಹೇಡಿತನವಲ್ಲ. ಇಂಗ್ಲಿಷ್ ಪಾಠಕ್ಕೆ ಹೆದರಿ ಶಾಲೆ ಬಿಡುವ ಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ. ಅವರಿಗೆ ಕಲಿಸಿದರೂ ಅಲ್ಲಾಹನ ಬಳಿ ಅದಕ್ಕೆ ಪ್ರತಿಫಲವಿದೆ.